ಹದಿನೈದು ದಿನಕ್ಕೊಮ್ಮೆ ತೆರೆಯುವ ಹಾಳೆ
ಓದುಗರ ಪ್ರಶ್ನೆ, ನಮ್ಮ ಉತ್ತರ: ಸರ್ಕಾರಿ ಶಾಲೆಯ ಸುಧಾರಣಾ ಯೋಜನೆ

ಶಾಲಾ ಅಭಿವೃದ್ಧಿ ಯೋಜನೆ ಕುರಿತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮುಖ್ಯ ಗುರುಗಳಿಂದ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಂದ ಬಂದ ಪತ್ರಗಳು ಬಹುಪಾಲು ಒಂದೇ ತೊಡಕನ್ನು ಹೇಳುತ್ತವೆ. ಯೋಜನೆ ಬರೆಯುತ್ತೇವೆ, ಸಹಿ ಹಾಕಿ ಕಳಿಸುತ್ತೇವೆ, ಆಮೇಲೆ ಆ ಕಡತವನ್ನು ಯಾರೂ ತೆರೆಯುವುದಿಲ್ಲ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಶಾಲೆಯ ಹೆಸರು ಬಿಟ್ಟು ತಾಲ್ಲೂಕನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ಜೂನ್‌ನಿಂದ ಪ್ರಭಾರ ಮುಖ್ಯ ಶಿಕ್ಷಕಿಯಾಗಿದ್ದೇನೆ. ನನ್ನ ಕೈಗೆ ಬಂದ ಯೋಜನೆಯ ಕಡತ 22 ಪುಟ ಇದೆ. ‘ಗುಣಮಟ್ಟ ಹೆಚ್ಚಿಸುವುದು’, ‘ಕಲಿಕೆಯಲ್ಲಿ ಹಿಂದುಳಿದವರಿಗೆ ವಿಶೇಷ ಗಮನ ಕೊಡುವುದು’ ಎಂದೆಲ್ಲ ಇದೆ. ಅದನ್ನು ಓದಿದರೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಹೊಸದಾಗಿ ಬರೆಯುವುದಾದರೆ ಎಲ್ಲಿಂದ ಶುರು ಮಾಡಲಿ?
– ಮುಖ್ಯ ಶಿಕ್ಷಕಿ, ಹುನಗುಂದ ತಾಲ್ಲೂಕು

ಉತ್ತರ: ಮೊದಲು ಎರಡು ಕಾಗದಗಳನ್ನು ಬೇರೆ ಮಾಡಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮು ಕೇಳುವ ಶಾಲಾ ಅಭಿವೃದ್ಧಿ ಯೋಜನೆ ಒಂದು. ಅದು ಮೂರು ವರ್ಷದ್ದು, ಒಳಗೆ ಮೂರು ವಾರ್ಷಿಕ ಉಪಯೋಜನೆ ಇರಬೇಕು. ಯಾವ ತರಗತಿಗೆ ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಎಷ್ಟು ಕೋಣೆ ಬೇಕು, ಹಣ ಎಷ್ಟು ಎಂಬ ಲೆಕ್ಕ ಅದರ ತಿರುಳು. ಕೇಂದ್ರದ ಮಾದರಿ ನಿಯಮದ ಪ್ರಕಾರ ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳು ಇರುವಾಗಲೇ, ಅಂದರೆ ಡಿಸೆಂಬರ್ ಕೊನೆಯೊಳಗೆ ಅದು ಸಿದ್ಧವಾಗಬೇಕು. ಅದು ಶಾಲೆ ಸರ್ಕಾರಕ್ಕೆ ಸಲ್ಲಿಸುವ ಬೇಡಿಕೆ. ಅದನ್ನು ಚೊಕ್ಕವಾಗಿ ಬರೆಯಿರಿ, ಕಳಿಸಿರಿ. ಆದರೆ ಮಕ್ಕಳ ಕಲಿಕೆ ಸುಧಾರಿಸುವ ಕೆಲಸಕ್ಕೆ ಬೇಕಾದದ್ದು ಎರಡನೆಯ ಕಾಗದ. ಅದು ಒಂದೇ ಹಾಳೆ ಇರಲಿ. ಅದಕ್ಕಿಂತ ದೊಡ್ಡದಾದರೆ ಅದೂ ಬೀರು ಸೇರುತ್ತದೆ.

‘ಗುಣಮಟ್ಟ ಹೆಚ್ಚಿಸುವುದು’ ಯಾಕೆ ಗುರಿಯಲ್ಲ ಅಂದರೆ, ಮಾರ್ಚ್ ಬಂದಾಗ ಆಯಿತೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ. ಹೊರಗಿನವರೊಬ್ಬರು ಶಾಲೆಗೆ ಬಂದು ಅರ್ಧ ಗಂಟೆಯಲ್ಲಿ ‘ಆಗಿದೆ’ ಅಥವಾ ‘ಆಗಿಲ್ಲ’ ಎಂದು ಹೇಳುವಂತಿದ್ದರೆ ಅದು ಗುರಿ.

ಹಾಗೆ ಬರೆಯಲು ಮೊದಲು ಎಣಿಸಬೇಕು. ಒಂದು ತರಗತಿ ಹಿಡಿಯಿರಿ. ನಾಲ್ಕನೇ ತರಗತಿಯಲ್ಲಿ 28 ಮಕ್ಕಳು ಎಂದುಕೊಳ್ಳಿ. ಒಬ್ಬೊಬ್ಬರನ್ನೇ ಕೂರಿಸಿ ಓದಿಸಿದಾಗ 9 ಮಕ್ಕಳು ಪರಿಚ್ಛೇದ ಓದಿದರು, 8 ಮಕ್ಕಳು ಪದ ಓದಿದರೂ ಒತ್ತಕ್ಷರಕ್ಕೆ ಬಂದಾಗ ಎಡವಿದರು, 7 ಮಕ್ಕಳಿಗೆ ಅಕ್ಷರ ಗೊತ್ತು, ಕಾಗುಣಿತ ಗೊತ್ತಿಲ್ಲ, 4 ಮಕ್ಕಳಿಗೆ ಅಕ್ಷರಗಳೇ ಗಟ್ಟಿಯಾಗಿಲ್ಲ. ಈಗ ಗುರಿ ತಾನೇ ರೂಪಕ್ಕೆ ಬರುತ್ತದೆ: ‘ದಸರಾ ರಜೆಯೊಳಗೆ, ಒತ್ತಕ್ಷರದಲ್ಲಿ ಎಡವುವ 8 ಮಕ್ಕಳಲ್ಲಿ 6 ಮಂದಿ ಪರಿಚ್ಛೇದ ಓದಬೇಕು. ಕಾಗುಣಿತ ಬಾರದ 7 ಮಕ್ಕಳಲ್ಲಿ 5 ಮಂದಿ ಗುಣಿತಾಕ್ಷರದ ಪದ ಓದಬೇಕು.’ ಅಕ್ಷರವೇ ಗಟ್ಟಿಯಿಲ್ಲದ ನಾಲ್ವರಿಗೆ ಬೇರೆಯೇ ಸಾಲು ಬೇಕು, ಅವರನ್ನು ಉಳಿದವರ ಜೊತೆ ಓಡಿಸಬೇಡಿ. ‘ವರ್ಷಾಂತ್ಯಕ್ಕೆ ಎಲ್ಲ 28 ಮಕ್ಕಳೂ ಓದಬೇಕು’ ಎಂದು ಬರೆಯುವ ಆಸೆ ಸಹಜ. ಆದರೆ ದೂರದ ತಾರೀಖು ಹಾಕಿದ ಗುರಿಯನ್ನು ಫೆಬ್ರುವರಿ ತನಕ ಯಾರೂ ತಿರುಗಿ ನೋಡುವುದಿಲ್ಲ.

ಆಮೇಲೆ ‘ಯಾಕೆ’ ಎಂದು ಕೇಳುತ್ತ ಹೋಗಿ. ಮಕ್ಕಳು ಒತ್ತಕ್ಷರದಲ್ಲಿ ಎಡವುತ್ತಾರೆ. ಯಾಕೆ? ಓದುವುದಕ್ಕಿಂತ ನೋಡಿ ಬರೆಯುವುದು ಹೆಚ್ಚಾಗಿದೆ. ಯಾಕೆ? ಒಬ್ಬರೇ ಗುರುಗಳು ಎರಡು ತರಗತಿ ನೋಡುವಾಗ ಒಂದು ತರಗತಿಯನ್ನು ಬರೆಯಲು ಹಚ್ಚಿರುತ್ತಾರೆ. ಆಗ ಓದಿಸಲು ಯಾಕೆ ಆಗುವುದಿಲ್ಲ? ಜೋಡಿಯಾಗಿ ಕೂತು ಓದುವ ರೂಢಿ ಇಲ್ಲ, ಓದಲು ಪಠ್ಯಪುಸ್ತಕ ಬಿಟ್ಟರೆ ಬೇರೆ ಏನೂ ಇಲ್ಲ. ಇಲ್ಲಿ ನಿಲ್ಲಿ. ಇದು ನಿಮ್ಮ ಕೈಯಲ್ಲಿರುವ ಕಾರಣ: ವೇಳಾಪಟ್ಟಿಯಲ್ಲಿ ದಿನಕ್ಕೆ 20 ನಿಮಿಷ ಜೋಡಿ ಓದು ಹಾಕಬಹುದು, ಓದುವ ಚೀಟಿ ಮಾಡಬಹುದು. ‘ಪಾಲಕರು ಓದಿದವರಲ್ಲ’ ಎಂಬ ಉತ್ತರಕ್ಕೆ ಹೋಗಿ ಮುಟ್ಟಿದರೆ ದಾರಿ ಅಲ್ಲೇ ಮುಚ್ಚುತ್ತದೆ. ಒಂದು ಹೆಜ್ಜೆ ಹಿಂದೆ ಬಂದು ಬೇರೆ ಉತ್ತರ ಹುಡುಕಿ.

ಹಾಳೆಯಲ್ಲಿ ಆರು ಕಲಂ (ಅಂಕಣ) ಸಾಕು: ಏನು ಮಾಡುವುದು, ಯಾವ ಮಕ್ಕಳಿಗೆ (ಸಂಖ್ಯೆಯಲ್ಲ, ಹೆಸರು), ಯಾರು ಮಾಡುವುದು, ಯಾವ ಅವಧಿಯಲ್ಲಿ, ಯಾವ ದಿನ ನೋಡುವುದು, ನೋಡಿದಾಗ ಕಂಡದ್ದೇನು. ಕೊನೆಯ ಕಲಂ ಜೂನ್‌ನಲ್ಲಿ ಖಾಲಿ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಅದರಲ್ಲಿ ಒಂದು ಸಾಲು ಬೀಳಬೇಕು. ಎರಡು ಸಲ ನೋಡಿದರೂ ಮಕ್ಕಳು ಇದ್ದಲ್ಲೇ ಇದ್ದರೆ ವಿಧಾನ ಬದಲಿಸಿ, ಗುರಿಯನ್ನು ಇಳಿಸಬೇಡಿ. ಎಷ್ಟೋ ಕಡೆ ತಪ್ಪುವುದು ಇಲ್ಲೇ: ಆರರ ಜಾಗದಲ್ಲಿ ನಾಲ್ಕು ಎಂದು ತಿದ್ದಿ ‘ಗುರಿ ಸಾಧಿಸಲಾಗಿದೆ’ ಎಂದು ಬರೆಯುತ್ತಾರೆ.

ಶಾಲೆ ತನ್ನನ್ನು ತಾನೇ ಅಳೆದುಕೊಳ್ಳುವ ರಾಷ್ಟ್ರೀಯ ಕಾರ್ಯಕ್ರಮವಾದ ಶಾಲಾ ಸಿದ್ಧಿಯ ಸ್ವಮೌಲ್ಯಮಾಪನ ಮಾಡಿದ್ದರೆ ಅದನ್ನೂ ಎದುರಿಗಿಟ್ಟುಕೊಳ್ಳಿ. ಅದರಲ್ಲಿ 7 ಕ್ಷೇತ್ರ, 46 ಮಾನದಂಡಗಳಿವೆ. ನಲವತ್ತಾರನ್ನೂ ಒಂದೇ ವರ್ಷದಲ್ಲಿ ಎತ್ತಿಕೊಂಡರೆ ಒಂದೂ ಕೈಗೆ ಹತ್ತುವುದಿಲ್ಲ. ಕಲಿಕೆಯದ್ದು ಒಂದು, ಸೌಲಭ್ಯದ್ದು ಒಂದು, ಎರಡೇ ಸಾಕು.

ಪ್ರಶ್ನೆ: 2ರಿಂದ 5ನೇ ತರಗತಿವರೆಗೆ 72 ಮಕ್ಕಳು, ಮೂವರೇ ಶಿಕ್ಷಕರು. ಒಬ್ಬೊಬ್ಬರನ್ನೇ ಓದಿಸಿ ನೋಡಲು ಸಮಯ ಎಲ್ಲಿಂದ ತರುವುದು? ನೋಡುವ ಕ್ರಮ ಹೇಗೆ?
– ಸಹ ಶಿಕ್ಷಕ, ರಾಯಬಾಗ ತಾಲ್ಲೂಕು

ಉತ್ತರ: ಒಂದು ಮಗುವಿಗೆ 4 ನಿಮಿಷ ಹಿಡಿಯುತ್ತದೆ. ದಿನಕ್ಕೆ 12 ಮಕ್ಕಳಂತೆ 48 ನಿಮಿಷ, 6 ದಿನಕ್ಕೆ 72 ಮಕ್ಕಳು ಮುಗಿಯುತ್ತಾರೆ. ಮೂವರೂ ಹಂಚಿಕೊಂಡರೆ ಒಬ್ಬರ ಪಾಲಿಗೆ ದಿನಕ್ಕೆ 16 ನಿಮಿಷ. ಇದನ್ನು ವರ್ಷಕ್ಕೆ ಮೂರು ಸಲ ಮಾಡಿದರೆ ಸಾಕು: ಜೂನ್ ಕೊನೆಗೆ, ದಸರಾಕ್ಕೆ ಮುಂಚೆ, ಜನವರಿ ಕೊನೆಗೆ. ನಡುವಿನ ಹದಿನೈದು ದಿನದ ನೋಟಕ್ಕೆ ಎಲ್ಲರೂ ಬೇಕಿಲ್ಲ, ಹಾಳೆಯಲ್ಲಿ ಹೆಸರಿರುವ ಮಕ್ಕಳು ಮಾತ್ರ.

ಏಳು ಮೆಟ್ಟಿಲಿನ ಒಂದು ರಟ್ಟು ಮಾಡಿಕೊಳ್ಳಿ: ಮೂಲಾಕ್ಷರ, ಕಾಗುಣಿತ, ಸರಳ ಪದ (ಮರ, ಕಮಲ), ಗುಣಿತಾಕ್ಷರದ ಪದ (ಕುದುರೆ, ಗೋಧಿ), ಸಜಾತಿ ಒತ್ತಿನ ಪದ (ಅದೇ ಅಕ್ಷರದ ಒತ್ತು: ಅಕ್ಕ, ಎತ್ತು), ವಿಜಾತಿ ಒತ್ತಿನ ಪದ (ಬೇರೆ ಅಕ್ಷರದ ಒತ್ತು: ಪುಸ್ತಕ, ಚಕ್ರ), ಐದಾರು ಸಾಲಿನ ಪರಿಚ್ಛೇದ. ಸಜಾತಿ, ವಿಜಾತಿ ಎರಡನ್ನೂ ಬೇರೆ ಇಡುವುದು ಮುಖ್ಯ. ‘ಎತ್ತು’ ಓದುವ ಮಗು ‘ಪುಸ್ತಕ’ಕ್ಕೆ ಬಂದಾಗ ‘ಪುಸಕ’ ಎಂದು ಒತ್ತು ನುಂಗಿ ಮುಂದೆ ಹೋಗುತ್ತದೆ. ಎರಡನ್ನೂ ಕೂಡಿಸಿ ‘ಒತ್ತಕ್ಷರ ಬರುವುದಿಲ್ಲ’ ಎಂದು ಬರೆದರೆ ಏನು ಕಲಿಸಬೇಕೆಂಬುದು ಗೊತ್ತಾಗುವುದಿಲ್ಲ. ನೋಡುವಾಗ ಕೆಳಗಿನಿಂದ ಮೇಲೆ ಹೋಗಬೇಡಿ. ಪರಿಚ್ಛೇದದಿಂದ ಶುರು ಮಾಡಿ, ಆಗದಿದ್ದರೆ ಒಂದೊಂದೇ ಮೆಟ್ಟಿಲು ಇಳಿಯಿರಿ. ಸಮಯ ಉಳಿಯುತ್ತದೆ.

ಪರಿಚ್ಛೇದ ಪಠ್ಯಪುಸ್ತಕದ್ದಾಗಬಾರದು. ಬಾಯಿಪಾಠ ಬಂದ ಪಾಠವನ್ನು ಮಗು ಪುಸ್ತಕ ತಲೆಕೆಳಗಾಗಿ ಹಿಡಿದರೂ ಹೇಳುತ್ತದೆ. ಚಿತ್ರವೂ ಬೇಡ. ‘ಬಂಡಿಯ ಗಾಲಿ ಮುರಿದಿದೆ’ ಎಂಬ ಸಾಲಿನ ಮೇಲೆ ಎತ್ತಿನ ಬಂಡಿಯ ಚಿತ್ರ ಇದ್ದರೆ ಮಗು ಚಿತ್ರ ನೋಡಿ ‘ಎತ್ತು ಬಂಡಿ ಎಳೆಯುತ್ತಿದೆ’ ಎನ್ನುತ್ತದೆ. ಅವಸರದಲ್ಲಿರುವ ನಾವು ಸರಿ ಹಾಕಿಬಿಡುತ್ತೇವೆ.

ನಮ್ಮ ಭಾಗಕ್ಕೇ ಸೇರಿದ ಒಂದು ಮಾತು ಇದೆ. ‘ರೈತನು ಹೊಲಕ್ಕೆ ಹೋಗಿದ್ದಾನೆ’ ಎಂದು ಅಚ್ಚಾಗಿರುವುದನ್ನು ಮಗು ‘ರೈತ ಹೊಲಕ್ಕ ಹೋಗ್ಯಾನ’ ಎಂದು ಓದಿದರೆ ಅದು ತಪ್ಪಲ್ಲ. ಕಣ್ಣಿಗೆ ಕಂಡ ಸಾಲು ಅರ್ಥವಾಗಿ, ಮನೆಯ ಮಾತಾಗಿ ಬಾಯಿಗೆ ಬಂದಿದೆ. ಓದು ಕೂಡಿದ ಮಗು ಅದು. ಸರಿ ಎಂದು ಹಾಕಿ, ಪಕ್ಕದಲ್ಲಿ ಸಣ್ಣ ಗುರುತು ಮಾಡಿ. ‘ಹೋ… ಗಿ… ದಾ… ನೆ’ ಎಂದು ಒತ್ತು ಬಿಟ್ಟು ಬಿಡಿಬಿಡಿಯಾಗಿ ಓದುವ ಮಗುವಿಗೆ ಸಹಾಯ ಬೇಕು. ಮೊದಲನೆಯ ಮಗುವನ್ನು ತಿದ್ದಿ ಬೈದರೆ ಮುಂದಿನ ಸಲ ಅದು ಬಾಯಿಯನ್ನೇ ತೆರೆಯುವುದಿಲ್ಲ.

ನಿಪ್ಪಾಣಿ, ಖಾನಾಪುರದ ಕಡೆ ಮನೆಯಲ್ಲಿ ಮರಾಠಿ ಆಡುವ ಮಕ್ಕಳು, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು, ಉರ್ದು ಮನೆಯ ಮಕ್ಕಳು ಕನ್ನಡ ಮಾಧ್ಯಮದಲ್ಲಿದ್ದರೆ ಓದಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು. ಸರಾಗವಾಗಿ ಓದಿ, ಒಂದು ಪದವೂ ತಿಳಿಯದೆ ಕೂತಿರುವುದುಂಟು. ಅವರ ಕೊರತೆ ಓದಿನದ್ದಲ್ಲ, ಮಾತಿನದ್ದು. ಮದ್ದೂ ಬೇರೆ: ಓದಿಸುವುದಕ್ಕಿಂತ ಮೊದಲು ಕಥೆ ಹೇಳುವುದು, ಮಾತಾಡಿಸುವುದು.

ಆಯಾ ತರಗತಿಯನ್ನು ಆಯಾ ಗುರುಗಳೇ ಪರೀಕ್ಷಿಸದೆ ಅದಲು ಬದಲು ಮಾಡಿಕೊಳ್ಳಿ. ಗುರುಗಳ ಮೇಲೆ ಅನುಮಾನವಿದೆ ಎಂದಲ್ಲ. ತಾನು ಕಲಿಸಿದ ಮಗುವಿನ ತುಟಿ ಅಲ್ಲಾಡಿದರೆ ಸಾಕು, ಕಲಿಸಿದವರ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಪ್ರಶ್ನೆ: ದೀಪಾವಳಿ ಮುಗಿದರೆ ನಮ್ಮೂರಿನ ಮೂರನೇ ಒಂದು ಪಾಲು ಮಕ್ಕಳು ತಂದೆ ತಾಯಿ ಜೊತೆ ಕಬ್ಬು ಕಡಿಯಲು ಹೋಗುತ್ತಾರೆ. ಮರಳುವುದು ಮಾರ್ಚ್‌ನಲ್ಲಿ. ಇಂಥ ಊರಿನಲ್ಲಿ ವಾರ್ಷಿಕ ಯೋಜನೆಗೆ ಅರ್ಥ ಇದೆಯೇ?
– ಮುಖ್ಯ ಗುರುಗಳು, ಇಂಡಿ ತಾಲ್ಲೂಕು

ಉತ್ತರ: ಇದೆ. ಆದರೆ ಬೇರೆ ಊರಿನ ಯೋಜನೆ ನಿಮಗೆ ಒಗ್ಗುವುದಿಲ್ಲ. ನಿಮ್ಮ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗಿನದು. ಓದು, ಲೆಕ್ಕದ ಗಟ್ಟಿ ಕೆಲಸವೆಲ್ಲ ಆ ಐದು ತಿಂಗಳಲ್ಲಿ ಕೂರಬೇಕು. ಪ್ರತಿಭಾ ಕಾರಂಜಿಯ ತಯಾರಿ, ಕ್ರೀಡಾಕೂಟದ ತಯಾರಿ ಇದೇ ತಿಂಗಳುಗಳಲ್ಲಿ ಬರುತ್ತವೆ. ಅದಕ್ಕೆ ಕೊನೆಯ ಅವಧಿ ಕೊಡಿ, ಬೆಳಗಿನ ಎರಡು ಅವಧಿಗಳನ್ನು ಯಾವುದಕ್ಕೂ ಬಿಟ್ಟುಕೊಡಬೇಡಿ.

ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು. ಐದನೇ ತರಗತಿಯ 30 ಮಕ್ಕಳಲ್ಲಿ ಜೂನ್‌ನಲ್ಲಿ 12 ಮಕ್ಕಳು ಪರಿಚ್ಛೇದ ಓದಿದರು ಎಂದುಕೊಳ್ಳಿ, ಶೇ. 40. ನವೆಂಬರ್‌ನಲ್ಲಿ 10 ಮಕ್ಕಳು ಊರು ಬಿಟ್ಟರು, ಅವರಲ್ಲಿ ಓದಬಲ್ಲವರು ಇಬ್ಬರೇ. ಡಿಸೆಂಬರ್‌ನಲ್ಲಿ ಉಳಿದ 20 ಮಕ್ಕಳಲ್ಲಿ 12 ಮಂದಿ ಓದಿದರು, ಶೇ. 60. ಕಾಗದದ ಮೇಲೆ ಇಪ್ಪತ್ತು ಅಂಶ ಏರಿದಂತೆ ಕಾಣುತ್ತದೆ. ನಿಜವಾಗಿ ಉಳಿದವರಲ್ಲಿ ಜೂನ್‌ನಲ್ಲೇ 10 ಮಂದಿ ಓದುತ್ತಿದ್ದರು, ಹೊಸದಾಗಿ ಕಲಿತವರು ಇಬ್ಬರೇ. ಹಾಗಾಗಿ ಎರಡು ಪಟ್ಟಿ ಇಡಿ: ಉಳಿಯುವವರದ್ದು, ಹೋಗಿ ಬರುವವರದ್ದು. ಹೋಲಿಸುವಾಗ ಅದೇ ಮಕ್ಕಳ ಜೂನ್ ಮತ್ತು ಡಿಸೆಂಬರ್ ನೋಡಿ, ತರಗತಿಯ ಸರಾಸರಿ ನೋಡಬೇಡಿ.

ಹೋಗುವವರ ಪಟ್ಟಿ ಸೆಪ್ಟೆಂಬರ್‌ನಲ್ಲೇ ತಯಾರಾಗಬೇಕು. ಯಾವ ಮನೆ ಕಬ್ಬು ಕಡಿಯುವ ಗ್ಯಾಂಗಿನವರಿಂದ ಮುಂಗಡ ತೆಗೆದುಕೊಂಡಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಆ ಮನೆಗಳಿಗೆ ಹೋಗಿ ಕೇಳುವ ಪ್ರಶ್ನೆ ಒಂದೇ: ಅಜ್ಜಿ, ದೊಡ್ಡಮ್ಮ, ಸೋದರತ್ತೆ, ಯಾರ ಹತ್ತಿರವಾದರೂ ಮಗುವನ್ನು ಬಿಡಲು ಆಗುತ್ತದೆಯೇ? ಐದಾರು ಮಕ್ಕಳು ಹೀಗೆ ಉಳಿದರೂ ದೊಡ್ಡದು. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಡಿ ಋತುಮಾನ ವಸತಿಯ (ಪಾಲಕರು ದುಡಿಯಲು ಹೋದಾಗ ಮಕ್ಕಳು ಉಳಿಯುವ ಏರ್ಪಾಡು) ಅವಕಾಶವೂ ಇದೆ. ಆದರೆ ಬೇಡಿಕೆ ಮಕ್ಕಳ ಹೆಸರಿನೊಂದಿಗೆ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮೊದಲೇ ಮುಟ್ಟಬೇಕು. ನವೆಂಬರ್‌ನಲ್ಲಿ ಬರೆದ ಪತ್ರದಿಂದ ಆ ವರ್ಷದ ಮಗುವಿಗೆ ಏನೂ ಸಿಗುವುದಿಲ್ಲ.

ಹೋಗಲೇಬೇಕಾದ ಮಗುವಿನ ಚೀಲದಲ್ಲಿ ಒಂದು ಕಾರ್ಡ್ ಇರಲಿ: ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ (ಮಕ್ಕಳ ದಾಖಲೆಯ ರಾಜ್ಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಮಗುವಿನ ಸಂಖ್ಯೆ), ಓದಿನ ಮೆಟ್ಟಿಲು, ಲೆಕ್ಕದ ಮೆಟ್ಟಿಲು, ಶಾಲೆಯ ಫೋನ್ ಸಂಖ್ಯೆ. ಜತ್, ಅಕ್ಕಲಕೋಟೆ ಭಾಗದಲ್ಲಾದರೆ ಕನ್ನಡ ಶಾಲೆ ಸಿಗಬಹುದು. ಕೊಲ್ಹಾಪುರದ ಕಬ್ಬಿನ ಹೊಲದ ಬದಿಯಲ್ಲಿ ಸಿಗುವುದು ಮರಾಠಿ ಶಾಲೆ. ಅಲ್ಲಿಗಾದರೂ ಹೋಗಲಿ, ಕೂರುವ ರೂಢಿ ತಪ್ಪುವುದಿಲ್ಲ. ವರ್ಗಾವಣೆ ಪತ್ರ ಇಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಹೇಳುತ್ತದೆ. ಇದನ್ನು ಪಾಲಕರಿಗೆ ಹೋಗುವ ಮುಂಚೆ ಬಾಯಿ ಬಿಟ್ಟು ಹೇಳಬೇಕು.

ಮಾರ್ಚ್‌ನಲ್ಲಿ ಮರಳಿದವರನ್ನು ನೇರ ಪರೀಕ್ಷೆಗೆ ಕೂರಿಸುವುದು ಮಕ್ಕಳಿಗೂ ನಿಮಗೂ ಉಪಯೋಗವಿಲ್ಲ. ಮೊದಲ ದಿನ ಅದೇ ಏಳು ಮೆಟ್ಟಿಲಿನ ರಟ್ಟು ಹಿಡಿಯಿರಿ. ಅಕ್ಟೋಬರ್‌ನಲ್ಲಿ ಇದ್ದ ಮೆಟ್ಟಿಲಿಗಿಂತ ಒಂದೆರಡು ಕೆಳಗೆ ಇಳಿದಿರುತ್ತಾರೆ. ಎರಡು ವಾರ ಓದಿಸಿದರೆ ಬಹಳಷ್ಟು ಮರಳಿ ಬರುತ್ತದೆ, ಯಾಕೆಂದರೆ ಒಮ್ಮೆ ಕಲಿತದ್ದು ಅದು.

ಪ್ರಶ್ನೆ: ನಮ್ಮ ಹಾಜರಾತಿ ಶೇ. 92. ಆದರೂ ದಿನಾ ತರಗತಿಯಲ್ಲಿ ಕೆಲವರು ಇರುವುದೇ ಇಲ್ಲ ಎಂದು ಶಿಕ್ಷಕರು ಹೇಳುತ್ತಾರೆ. ಯಾವುದು ನಿಜ?
– ಮುಖ್ಯ ಶಿಕ್ಷಕ, ಬಾದಾಮಿ ತಾಲ್ಲೂಕು

ಉತ್ತರ: ಎರಡೂ ನಿಜ. 50 ಮಕ್ಕಳು, 24 ದಿನ ಅಂದರೆ 1,200 ಹಾಜರಿ. ಶೇ. 92 ಬಂದರೆ 96 ಗೈರು. ಅದರಲ್ಲಿ ನಾಲ್ಕೇ ಮಕ್ಕಳು ತಲಾ 18 ದಿನ ಬಂದಿಲ್ಲವೆಂದರೆ ಅಲ್ಲಿಗೇ 72 ಆಯಿತು. ಉಳಿದ 46 ಮಕ್ಕಳದ್ದೆಲ್ಲ ಸೇರಿ 24. ಸರಾಸರಿ ಆ ನಾಲ್ವರನ್ನು ಮುಚ್ಚಿಹಾಕುತ್ತದೆ. ತಿಂಗಳ ಕೊನೆಗೆ ಶೇಕಡಾ ಬರೆಯುವ ಮುಂಚೆ, 5 ದಿನಕ್ಕಿಂತ ಹೆಚ್ಚು ಗೈರಾದವರ ಹೆಸರು ಬರೆಯಿರಿ. ಯೋಜನೆಯಲ್ಲಿ ಬರಬೇಕಾದದ್ದು ಆ ಹೆಸರುಗಳು.

ಆಮೇಲೆ ದಿನಗಳನ್ನು ನೋಡಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದು, ಸಂತೆಯ ದಿನ: ಇವೆಲ್ಲ ಮೊದಲೇ ಗೊತ್ತಿರುವ ಗೈರು. ಇವುಗಳ ಜೊತೆ ಹಟ ಹಿಡಿಯುವುದಕ್ಕಿಂತ ಆ ದಿನಗಳಲ್ಲಿ ಹೊಸ ಪಾಠ ತೆಗೆಯದಿರುವುದು ಲೇಸು. 6ರಿಂದ 8ನೇ ತರಗತಿಯ ಹುಡುಗಿಯರ ಗೈರನ್ನು ಮಾತ್ರ ಬೇರೆಯಾಗಿ ನೋಡಿ. ಪ್ರತಿ ತಿಂಗಳೂ ಸತತ ಮೂರು ನಾಲ್ಕು ದಿನ ಬಾರದಿದ್ದರೆ ಕಾರಣ ಹುಡುಕಲು ಮನೆಗಿಂತ ಮೊದಲು ಶೌಚಾಲಯಕ್ಕೆ ಹೋಗಿ. ನೀರು ಬರುತ್ತದೆಯೇ, ಚಿಲಕ ಬೀಳುತ್ತದೆಯೇ, ಮುಚ್ಚಳದ ಡಬ್ಬಿ ಇದೆಯೇ, ಬೀಗದ ಕೀಲಿ ಯಾರ ಹತ್ತಿರ ಇದೆ? ಕೀಲಿ ಗಂಡು ಮಾಸ್ತರರ ಮೇಜಿನಲ್ಲಿದ್ದರೆ ಹುಡುಗಿಯರು ಕೇಳುವುದಿಲ್ಲ, ಮನೆಯಲ್ಲೇ ಉಳಿಯುತ್ತಾರೆ. ಆ ಕೀಲಿ ಅಕ್ಕೋರ (ಶಿಕ್ಷಕಿಯರ) ಕೈಗೆ, ಅಕ್ಕೋರು ಇಲ್ಲದಿದ್ದರೆ ದೊಡ್ಡ ಹುಡುಗಿಯರ ಕೈಗೆ ಹೋಗಬೇಕು. ಇದಕ್ಕೆ ಒಂದು ರೂಪಾಯಿ ಅನುದಾನವೂ ಬೇಡ.

ಪ್ರಶ್ನೆ: 84 ಮಕ್ಕಳ ಶಾಲೆ. ಸಂಯೋಜಿತ ಅನುದಾನವನ್ನು ಯೋಜನೆಯಲ್ಲಿ ಹೇಗೆ ತೋರಿಸುವುದು? ಪ್ರತಿ ವರ್ಷ ಸುಣ್ಣಬಣ್ಣಕ್ಕೇ ಖರ್ಚಾಗಿ ಹೋಗುತ್ತದೆ.
– ಮುಖ್ಯ ಶಿಕ್ಷಕಿ, ಸವದತ್ತಿ ತಾಲ್ಲೂಕು

ಉತ್ತರ: ಸಮಗ್ರ ಶಿಕ್ಷಣದ ಶಾಲಾ ಸಂಯೋಜಿತ ಅನುದಾನ ಯು-ಡೈಸ್‌ನಲ್ಲಿ (ಶಾಲೆಗಳ ರಾಷ್ಟ್ರೀಯ ಅಂಕಿಅಂಶ ದಾಖಲೆ) ದಾಖಲಾದ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ 10,000 ರೂ., 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದರ ಮೇಲೆ ಒಂದು ಲಕ್ಷ. ನಿಮ್ಮದು 25,000. ಇದರಲ್ಲಿ ಕನಿಷ್ಠ ಶೇ. 10, ಅಂದರೆ 2,500 ರೂ. ಸ್ವಚ್ಛತೆಗೆ ಮೀಸಲು. ಗ್ರಂಥಾಲಯ ಮತ್ತು ಕ್ರೀಡೆಗೆ ಬೇರೆ ಅನುದಾನ ಇರುವುದರಿಂದ ಅವನ್ನು ಇದರಲ್ಲಿ ಸೇರಿಸಬೇಡಿ.

ಹಂಚಿಕೆಯ ಒಂದು ಮಾದರಿ ಹೀಗೆ: ಸ್ವಚ್ಛತೆಗೆ 2,500. ನಲ್ಲಿ, ಚಿಲಕ, ಸ್ವಿಚ್ಚು, ಬಲ್ಬು ಮುಂತಾದ ಸಣ್ಣ ದುರಸ್ತಿಗೆ 6,000. ಸೀಮೆಸುಣ್ಣ, ವಹಿ, ಜೆರಾಕ್ಸಿಗೆ 4,000. ನಿಮ್ಮ ಒಂದು ಹಾಳೆಯ ಗುರಿಗೆ (ಓದುವ ಚೀಟಿಗೆ ದಪ್ಪ ಕಾಗದ, ಪಾಟಿ, ಅವನ್ನು ಇಡುವ ಡಬ್ಬಿ) 6,500. ಉಳಿದ 6,000 ಕೈಯಲ್ಲಿರಲಿ. ಮಳೆಗಾಲ ಮುಗಿಯುವುದರೊಳಗೆ ಎಲ್ಲವನ್ನೂ ಖರ್ಚು ಮಾಡಿದರೆ ಜನವರಿಯಲ್ಲಿ ಮೋಟರು ಕೆಟ್ಟಾಗ ಗುರುಗಳೇ ಕಿಸೆಯಿಂದ ಹಾಕಬೇಕಾಗುತ್ತದೆ. ಆದರೆ ಮಾರ್ಚ್ ಮೊದಲ ವಾರದ ಆಚೆಗೆ ಉಳಿಸಿಕೊಳ್ಳಬೇಡಿ.

ಹಣ ಜೂನ್‌ನಲ್ಲೇ ಬರುತ್ತದೆಂದು ನಂಬಿ ಯೋಜನೆ ಬರೆಯಬಾರದು. ಮೊದಲ ನಾಲ್ಕು ತಿಂಗಳ ಕೆಲಸವೆಲ್ಲ ಹಣ ಬೇಡದ ಕೆಲಸವಾಗಿರಲಿ: ವೇಳಾಪಟ್ಟಿ, ಜೋಡಿ ಓದು, ಎಣಿಕೆ. ಖರ್ಚಿಗೆ ಮುಂಚೆ ಎಸ್‌ಡಿಎಂಸಿ ಠರಾವು, ಖರ್ಚಿನ ದಿನವೇ ನಗದು ಪುಸ್ತಕದಲ್ಲಿ ನಮೂದು, ಬಾಳುವ ವಸ್ತುವಾದರೆ ದಾಸ್ತಾನು ವಹಿಯಲ್ಲಿ ಒಂದು ಸಾಲು. ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬರುವುದು ಹೆಚ್ಚಾಗಿ ಹಣ ದುರುಪಯೋಗವಾಗಿ ಅಲ್ಲ, ಠರಾವಿನ ತಾರೀಖು ಬಿಲ್ಲಿನ ತಾರೀಖಿಗಿಂತ ಆಮೇಲಿನದ್ದಾಗಿರುವುದಕ್ಕೆ. ಕಾಂಪೌಂಡು, ಹೊಸ ಶೌಚಾಲಯದಂಥ ದೊಡ್ಡ ಕೆಲಸ ಈ ಹಣದಲ್ಲಿ ಆಗುವುದಿಲ್ಲ. ಅವು ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಬೇಕು. ಅಕ್ಟೋಬರ್‌ನಿಂದ ನಡೆಯುವ ಗ್ರಾಮಸಭೆ ಮತ್ತು ಮಕ್ಕಳ ಗ್ರಾಮಸಭೆಯಲ್ಲಿ ಅಳತೆ ಸಮೇತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಪ್ರಶ್ನೆ: ‘ಇನ್ನೊಂದು ದಾಖಲೆ ಯಾಕೆ?’ ಎಂದು ಸಹ ಶಿಕ್ಷಕರು ಬೇಸರ ಮಾಡಿಕೊಳ್ಳುತ್ತಾರೆ. ಅವರನ್ನು ಹೇಗೆ ಒಪ್ಪಿಸಲಿ?
– ಮುಖ್ಯ ಶಿಕ್ಷಕ, ಸಿಂದಗಿ ತಾಲ್ಲೂಕು

ಉತ್ತರ: ಅವರ ಬೇಸರ ನ್ಯಾಯವಾದದ್ದು. ಹೊಸದನ್ನು ಹೇರುವ ಮುಂಚೆ ಒಂದನ್ನು ತೆಗೆಯಿರಿ. ಇಲಾಖೆ ಕೇಳದೆ ಶಾಲೆಯಲ್ಲಿ ರೂಢಿಯಾಗಿ ಉಳಿದುಬಂದ ವಹಿಗಳು ಇದ್ದೇ ಇರುತ್ತವೆ. ಒಂದನ್ನು ನಿಲ್ಲಿಸಿ, ಆ ಜಾಗಕ್ಕೆ ಈ ಹಾಳೆ ತನ್ನಿ. ಹಾಳೆ ಬರೆಯುವ ಕೈ ಮುಖ್ಯ ಗುರುಗಳದ್ದೇ ಇರಲಿ, ಶಿಕ್ಷಕರು ಬಾಯಲ್ಲಿ ಹೇಳಿದರೆ ಸಾಕು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹದಿನೈದು ದಿನಕ್ಕೊಮ್ಮೆ 40 ನಿಮಿಷ ಕೂರಿ. ಸುತ್ತೋಲೆ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ನಮೂದು ಇವನ್ನೆಲ್ಲ ಆ ಸಭೆಗೆ ತರಬೇಡಿ. ತಂದರೆ 40 ನಿಮಿಷವನ್ನೂ ಅವೇ ತಿನ್ನುತ್ತವೆ. ಹಾಳೆಯ ಒಂದೊಂದು ಹೆಸರನ್ನು ಓದಿ, ಆ ಮಗು ಯಾವ ಮೆಟ್ಟಿಲಿಗೆ ಬಂತು, ಬಾರದಿದ್ದರೆ ಮುಂದಿನ ಹದಿನೈದು ದಿನ ಏನು ಬೇರೆ ಮಾಡೋಣ ಎಂಬುದಷ್ಟೇ ಮಾತು.

ತರಗತಿ ವೀಕ್ಷಣೆಗೆ 20 ನಿಮಿಷ ಸಾಕು. ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತು ಎರಡೇ ಸಂಗತಿ ಎಣಿಸಿ: ಎಷ್ಟು ಮಕ್ಕಳು ಬಾಯಿ ಬಿಟ್ಟು ಓದಿದರು ಅಥವಾ ಉತ್ತರಿಸಿದರು, ಎಷ್ಟು ನಿಮಿಷ ಫಲಕ ನೋಡಿ ಬರೆಯುವುದರಲ್ಲಿ ಕಳೆಯಿತು. ‘ಚೆನ್ನಾಗಿದೆ’, ‘ಸುಧಾರಿಸಬೇಕು’ ಎಂದು ವೀಕ್ಷಣಾ ವಹಿಯಲ್ಲಿ ಬರೆದು ಎದ್ದರೆ ಅದು ತಪಾಸಣೆಯಾಗುತ್ತದೆ, ಮುಂದಿನ ಸಲ ನಿಮ್ಮ ಹೆಜ್ಜೆ ಸಪ್ಪಳ ಕೇಳಿದೊಡನೆ ಪಾಠ ಬದಲಾಗುತ್ತದೆ. ‘ಗುರುಗಳೇ, 31 ಮಕ್ಕಳಲ್ಲಿ ಇವತ್ತು 6 ಮಕ್ಕಳ ದನಿ ಕೇಳಿಸಿತು, ಆರೂ ಮುಂದಿನ ಸಾಲಿನವರು’ ಎಂದು ಅದೇ ದಿನ, ಇಬ್ಬರೇ ಇದ್ದಾಗ ಹೇಳಿ. ಉಳಿದದ್ದನ್ನು ಅವರೇ ಯೋಚಿಸುತ್ತಾರೆ. ಅದಕ್ಕಿಂತ ಮೊದಲು ನಿಮ್ಮ ತರಗತಿಗೆ ಅವರನ್ನು ಕರೆದು ಎಣಿಸಲು ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮೀಟಿಂಗ್ ಅದ ಬರ್ರೀ ಅಂದ್ರ ಪಾಲಕರು ಯಾರೂ ಬರಂಗಿಲ್ರೀ. ಬಂದವರೂ ಸಹಿ ಮಾಡಿ ಹೋಗಿಬಿಡ್ತಾರ. ಸಾಲಿ ಸುಧಾರಣಿಗೆ ನಾವು ಎಸ್‌ಡಿಎಂಸಿಯವರು ಏನು ಮಾಡಬೇಕ್ರೀ?
– ಎಸ್‌ಡಿಎಂಸಿ ಅಧ್ಯಕ್ಷರು, ಅಥಣಿ ತಾಲ್ಲೂಕು

ಉತ್ತರ: ಅಧ್ಯಕ್ಷರೇ, ದಿನ ಮತ್ತು ವೇಳೆ ಬದಲಿಸಿ ನೋಡಿ. ಬುಧವಾರ ಮಧ್ಯಾಹ್ನ 12ಕ್ಕೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸೋಮವಾರ ಎತ್ತಿಗೆ ಬಿಡುವು, ಅಮಾವಾಸ್ಯೆಗೆ ಹೊಲದ ಕೆಲಸ ಇಲ್ಲ. ಆ ದಿನ ಸಂಜೆ 5ಕ್ಕೆ ಇಡಿ. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾನೂನೇ ಹೇಳುತ್ತದೆ. ಅವರು ಬರಬೇಕಾದರೆ ಒಲೆ ಹಚ್ಚುವ ವೇಳೆಗೆ ಮುಂಚೆ ಮುಗಿಯಬೇಕು.

ವರದಿ ಓದುವುದನ್ನು ಬಿಟ್ಟು ಮಕ್ಕಳಿಂದ ಓದಿಸಿ. ಜೂನ್‌ನಲ್ಲಿ ಕಾಗುಣಿತ ಬಾರದ ಮಗು ಈಗ ಐದು ಸಾಲು ಓದಿ ತೋರಿಸಿದರೆ ತಾಯಿ ಮುಂದಿನ ಸಭೆಗೂ ಬರುತ್ತಾಳೆ. ಓದು ಬಾರದ ಮಗುವನ್ನು ಮಾತ್ರ ಸಭೆಯಲ್ಲಿ ನಿಲ್ಲಿಸಬೇಡಿ, ಆ ಮನೆಯವರ ಜೊತೆ ಬೇರೆ ಮಾತಾಡಿ. ಸಮಿತಿಗೆ ಬೇಕಾದ ಕೆಲಸ ಸಣ್ಣದೂ ಖಚಿತವೂ ಆಗಿರಲಿ: ಇಬ್ಬರು ಸದಸ್ಯರು ವಾರಕ್ಕೊಮ್ಮೆ ಬಿಸಿಯೂಟದ ಅಕ್ಕಿ, ಬೇಳೆ ತೂಕ ನೋಡುವುದು, ಇಬ್ಬರು ಗೈರು ಮಕ್ಕಳ ಮನೆಗೆ ಹೋಗುವುದು, ಇಬ್ಬರು ನೀರು, ಶೌಚಾಲಯ ನೋಡುವುದು. ನೋಡಿದ್ದನ್ನು ಹಾಳೆಯ ಕೊನೆಯ ಕಲಮಿನಲ್ಲಿ ಬರೆಸಿ. ಮುಖ್ಯ ಗುರುಗಳು ನಿಮ್ಮ ಸಮಿತಿಯ ಸದಸ್ಯ ಕಾರ್ಯದರ್ಶಿ. ಹಾಳೆ ತೋರಿಸಿರೆಂದು ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಜಗಳವೇನಿಲ್ಲ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಜನವರಿಯಿಂದ ಬೆಳಿಗ್ಗೆ, ಸಂಜೆ ವಿಶೇಷ ತರಗತಿ ನಡೆಸುತ್ತೇವೆ. ಗಣಿತದ ಫಲಿತಾಂಶ ಮಾತ್ರ ಏಳುತ್ತಿಲ್ಲ.
– ಉಪ ಪ್ರಾಂಶುಪಾಲರು, ಜಮಖಂಡಿ ತಾಲ್ಲೂಕು

ಉತ್ತರ: ತರಗತಿ ಹೆಚ್ಚಿಸುವ ಮುಂಚೆ ಅಂಕ ಎಲ್ಲಿ ಸೋರುತ್ತಿದೆ ನೋಡಿ. ಮಧ್ಯವಾರ್ಷಿಕ ಗಣಿತ ಪತ್ರಿಕೆ ತೆಗೆದುಕೊಳ್ಳಿ. ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ಪ್ರಶ್ನೆ ಸಂಖ್ಯೆ, ಉದ್ದಕ್ಕೆ ಮಕ್ಕಳ ಹೆಸರು. ಸರಿಯಾದರೆ 1, ತಪ್ಪಾದರೆ 0, ಬಿಟ್ಟಿದ್ದರೆ ಒಂದು ಗೆರೆ. 40 ಮಕ್ಕಳ ಹಾಳೆ ಇಬ್ಬರು ಕೂತರೆ ಒಂದು ಮಧ್ಯಾಹ್ನದ ಕೆಲಸ. ಸೊನ್ನೆ ಮತ್ತು ಗೆರೆ ಒಂದೇ ಅಲ್ಲ. ಸೊನ್ನೆ ಹೆಚ್ಚಿದ್ದ ಕಡೆ ಕ್ರಮ ಗೊತ್ತು, ಲೆಕ್ಕ ತಪ್ಪುತ್ತಿದೆ. ಅಲ್ಲಿ ಬಹಳ ಸಲ ಸಿಗುವುದು ಋಣ ಚಿಹ್ನೆ, ಭಿನ್ನರಾಶಿ, ಭಾಗಾಕಾರ. ಅಂದರೆ 7ನೇ ತರಗತಿಯ ಸಾಮಾನು. ಗೆರೆ ಹೆಚ್ಚಿದ್ದ ಕಡೆ ಪಾಠವೇ ಮುಟ್ಟಿಲ್ಲ, ಇಲ್ಲವೇ ಪ್ರಶ್ನೆಯ ಕನ್ನಡ ಅರ್ಥವಾಗಿಲ್ಲ.

ಹಿಂದುಳಿದವರಿಗೂ ಮುಂದಿರುವವರಿಗೂ ಒಂದೇ ವಿಶೇಷ ತರಗತಿ ನಡೆಸಿದರೆ ಹಿಂದಿನ ಸಾಲಿನವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದೇ ಗೊಂದಲದಲ್ಲಿ ಕೂರುತ್ತಾರೆ. ಗೆರೆಯವರನ್ನು, ಸೊನ್ನೆಯವರನ್ನು ಬೇರೆ ಮಾಡಿ, ಸೊನ್ನೆಯವರಿಗೆ ಮೂರು ವಾರ ಬರೀ ಚಿಹ್ನೆ, ಭಿನ್ನರಾಶಿ ಮಾಡಿಸಿ. ಮತ್ತು ಈ ಹಾಳೆಯನ್ನು 8ನೇ ತರಗತಿಗೆ ಜುಲೈನಲ್ಲಿ ಮಾಡಿದರೆ ಜನವರಿಯ ಅವಸರ ಅರ್ಧ ಇಳಿಯುತ್ತದೆ.

ಪ್ರಶ್ನೆ: ನಡುವೆ ಮುಖ್ಯ ಗುರುಗಳ ವರ್ಗಾವಣೆಯಾದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಏನು ಮಾಡುವುದು?
– ಸಹ ಶಿಕ್ಷಕಿ, ಮುದ್ದೇಬಿಹಾಳ ತಾಲ್ಲೂಕು

ಉತ್ತರ: ಅಕ್ಕೋರೇ, ಪ್ರಭಾರ ಪಟ್ಟಿಯಲ್ಲಿ ಬೀರು, ಕುರ್ಚಿ, ಗ್ಯಾಸ್ ಸಿಲಿಂಡರ್ ಬರೆದು ಕೊಡುತ್ತೇವೆ. ಅದರ ಜೊತೆ ಮೂರು ಕಾಗದ ಸೇರಿಸಿ: ಜೂನ್‌ನ ಎಣಿಕೆ, ಕೊನೆಯ ಎಣಿಕೆ, ಕೊನೆಯ ಕಲಂ ತುಂಬಿದ ಹಾಳೆ. ಹಾಳೆಯ ಒಂದು ಪ್ರತಿ ಮುಖ್ಯ ಗುರುಗಳ ಮೇಜಿನಲ್ಲಲ್ಲ, ಶಿಕ್ಷಕರು ಕೂರುವ ಕೋಣೆಯ ಗೋಡೆಯ ಮೇಲೆ ಇರಲಿ. ಮಕ್ಕಳ ಹೆಸರು ಇರುವುದರಿಂದ ಮಕ್ಕಳಿಗೆ, ಹೊರಗಿನವರಿಗೆ ಕಾಣದ ಗೋಡೆ ನೋಡಿಕೊಳ್ಳಿ. ಮುಂದಿನ ನೋಟದ ತಾರೀಖನ್ನು ಮೇಲೆ ದೊಡ್ಡದಾಗಿ ಬರೆದಿಡಿ. ಹೊಸಬರು ಬರುವುದರೊಳಗೆ ಆ ಶನಿವಾರ ಬಂದರೆ ಹಿರಿಯ ಶಿಕ್ಷಕರು ಸಭೆ ನಡೆಸಿ ಒಂದು ಸಾಲು ಬರೆಯಲಿ.